ಕೆಳದಿಯ ಓಲೆಗರಿ

ಸಾಗರಕ್ಕೆ ಹೋದವನು ಸುಮ್ನೆ ಕೆಳದಿಗೂ ಹೋಗಿಬಂದೆ. ರಾಮೇಶ್ವರ ದೇವಸ್ಥಾನ ನೋಡಿ ಹಾಗೇ ಮ್ಯೂಸಿಯಂ ಹೊಕ್ಕೆ. ಇಲ್ಲಿಂದ ಆಳಿದ ಕೆಳದಿ ನಾಯಕರ ಕಾಲದ ನಾಣ್ಯ, ಹಳೇ ಸಾಮಾನು ಎಲ್ಲ ಇವೆ. ಆದರೆ ಜಾಸ್ತಿ ಹೊತ್ತು ನಿಲ್ಲಿಸಿದ್ದು ತಿಗಳಾರಿ ಲಿಪಿಯ ಓಲೆಗರಿಗಳು. ನೋಡಿದರೆ ಮಲಯಾಳಂ ಇದ್ದ ಹಾಗೆ! ಒಂದು ಕಾಲಕ್ಕೆ ಮಲೆನಾಡು, ಕರಾವಳಿಯಲ್ಲಿ ಸಂಸ್ಕೃತ ಬರೆಯುತ್ತಿದ್ದದ್ದು ಇದರಲ್ಲೇ. ಈಗ ಓದಬಲ್ಲವರೇ ಕಡಿಮೆ.

1763ರಲ್ಲಿ ಹೈದರಾಲಿ ನಾಯಕರ ರಾಜಧಾನಿ ಬಿದನೂರು ಹಿಡಿದ, ಅವರ ರಾಜ್ಯ ಮುಗಿಯಿತು. ಗರಿಗಳು ಮಾತ್ರ ಹೇಗೋ ಉಳಿದುಕೊಂಡಿವೆ.

ನಮ್ಮಜ್ಜನ ಮನೆಯ ಅಟ್ಟದಲ್ಲೂ ಇಂಥದೇ ಒಂದು ಕಟ್ಟು ಇತ್ತಂತೆ. ಗೆದ್ದಲು ಹಿಡಿದಿದೆ ಅಂತ ಅಜ್ಜಿ ಬಚ್ಚಲ ಒಲೆಗೆ ಹಾಕಿದ್ದರು. 'ಎಷ್ಟು ಚೆನ್ನಾಗಿ ಉರಿಯಿತು ಗೊತ್ತಾ' ಅಂತ ನಗುತ್ತಾ ಹೇಳುತ್ತಿದ್ದರು, ಪಾಪ. ಅದರಲ್ಲಿ ಏನಿತ್ತೋ. ಬರೀ ಅಡಿಕೆ ಲೆಕ್ಕವೇ ಇದ್ದಿರಬಹುದು, ಅಲ್ವಾ?