ಇಳಕಲ್ ಸೆರಗಿಗೆ ಹಸಿರು ಬಣ್ಣ: ಪಿಕ್ಸೆಲ್ ಕೆಲಸ ಎಲ್ಲಿಗೆ ಬಂತು

ಕೆಂಪು ಸೆರಗು ಹಸಿರಾಯ್ತು. ಕಾಕಾಗೆ ತೋರಿಸುವಷ್ಟಂತೂ ಆಗಿದೆ.

ಹೊಸದಾಗಿ ಓದುವವರಿಗೆ ಒಂದು ಮಾತು. ಬಾಗಲಕೋಟೆಯಲ್ಲಿ ಕಾಕಾದು ಸೀರೆ ಅಂಗಡಿ. ಒಂದೇ ಇಳಕಲ್ ಸೀರೆಯ ಫೋಟೋ ಇಟ್ಟುಕೊಂಡು, ಸೆರಗಿನ ಬಣ್ಣ ಮಾತ್ರ ಬದಲಿಸಿ ಗಿರಾಕಿಗೆ ತೋರಿಸಬೇಕು ಅನ್ನೋದು ಅವರ ಆಸೆ. ನಾನು ಬಳಸುತ್ತಿರುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಫೋಟೋ ತಿದ್ದಲು ಅದರ ಪಿಲ್ಲೊ ಲೈಬ್ರರಿ ಮತ್ತು ಸಾಲು ಸಾಲಾಗಿ ಎಲ್ಲ ಪಿಕ್ಸೆಲ್ ಮುಟ್ಟಿ ಬರುವ, ಒಂದರೊಳಗೊಂದು ಎರಡು ಫಾರ್ ಲೂಪ್. 4000×3000 ಫೋಟೋದಲ್ಲಿ 1 ಕೋಟಿ 20 ಲಕ್ಷ ಪಿಕ್ಸೆಲ್, ಅಂದರೆ ಬಣ್ಣದ ಚುಕ್ಕಿ, ಇರುತ್ತವೆ. ಗೆಟ್‌ಪಿಕ್ಸೆಲ್, ಪುಟ್‌ಪಿಕ್ಸೆಲ್ (ಪಿಕ್ಸೆಲ್ ಓದುವ, ಬರೆಯುವ ಪಿಲ್ಲೊ ಆಜ್ಞೆಗಳು) ಬಿಟ್ಟು, ಪಿಕ್ಸೆಲ್‌ಗಳನ್ನು ನೇರ ಕೈಗೆ ಕೊಡುವ ಲೋಡ್ ಬಳಸಿದರೆ ಓಟ ಜಾಸ್ತಿ. ಎಲ್ಲ ಅಂಕಿಗಳ ಲೆಕ್ಕ ಒಟ್ಟಿಗೆ ಮಾಡುವ ನಂಪೈ ಲೈಬ್ರರಿ ಇನ್ನೂ ವೇಗ, ಗೊತ್ತು. ಆದರೆ ಒಂದೊಂದೇ ಪಿಕ್ಸೆಲ್ ಮುಟ್ಟುವ ಖುಷಿ ಅದರಲ್ಲಿಲ್ಲ!

ಯಾವುದು ಕೆಂಪು ಅಂತ ಗುರುತಿಸುವುದೇ ದೊಡ್ಡ ಕೆಲಸ. ಆರ್‌ಜಿಬಿಯಲ್ಲಿ, ಅಂದರೆ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಅನ್ನೋ ಮೂರು ಅಂಕಿಯಲ್ಲಿ, ಇದು ಕಷ್ಟ. ನೆರಿಗೆಯ ನೆರಳಲ್ಲಿರುವ ಕೆಂಪಿಗೂ ಬೆಳಕು ಬಿದ್ದ ರೇಷ್ಮೆಯ ಕೆಂಪಿಗೂ ಮೂರೂ ಅಂಕಿ ಬೇರೆ ಬೇರೆ. ಎಚ್‌ಎಸ್‌ವಿ ಅನ್ನೋ ಇನ್ನೊಂದು ಲೆಕ್ಕಕ್ಕೆ ಬದಲಿಸಿದರೆ ಬಣ್ಣ, ಅದರ ಗಾಢತೆ, ಬೆಳಕು ಮೂರೂ ಬಿಡಿ ಬಿಡಿಯಾಗಿ ಸಿಗುತ್ತವೆ. ಪಿಲ್ಲೊದಲ್ಲಿ ಬಣ್ಣದ ಅಂಕಿ 0ಯಿಂದ 255. ತಮಾಷೆ ಅಂದ್ರೆ, ಇದು ಬಳೆಯಂತೆ ಸುತ್ತುತ್ತದೆ, ಕೆಂಪು ಕೂತಿರುವುದು ಸರಿಯಾಗಿ ಬೆಸುಗೆಯ ಜಾಗದಲ್ಲಿ, 255 ಮುಗಿದು 0 ಶುರುವಾಗುವ ಕಡೆ. ಹಾಗಾಗಿ 10ಕ್ಕಿಂತ ಕಡಿಮೆ ಅಥವಾ 245ಕ್ಕಿಂತ ಹೆಚ್ಚು ಅಂತ ಎರಡೂ ಕಡೆ ಹಿಡಿಯಬೇಕು. ಹಸಿರು ಬೇಕಾದರೆ 85 ಕೂಡಿಸಿ, 256ರಿಂದ ಭಾಗಿಸಿ, ಉಳಿದ ಶೇಷ ತೆಗೆದುಕೊಂಡರೆ ಸಾಕು. 5 ಇದ್ದದ್ದು 90 ಆಗುತ್ತದೆ, 250 ಇದ್ದದ್ದು 79. ಗಾಢತೆ, ಬೆಳಕು ಮುಟ್ಟುವುದಿಲ್ಲ. ರೇಷ್ಮೆಯ ಹೊಳಪು, ನೆರಿಗೆ ಎಲ್ಲ ಹಾಗೇ ಉಳಿಯುತ್ತವೆ.

ಸೆರಗಿನಲ್ಲಿ ನೇಯ್ದ ಬಿಳಿ ಗೋಪುರದ ಚಿತ್ತಾರಗಳ ಕಥೆ ಬೇರೆ. ಬಿಳಿಗೆ ಗಾಢತೆಯೇ ಇಲ್ಲ, ಅಲ್ಲಿ ಬಣ್ಣದ ಅಂಕಿಯನ್ನು ನಂಬುವ ಹಾಗಿಲ್ಲ. ಗಾಢತೆ 60ಕ್ಕಿಂತ ಕಡಿಮೆ ಇದ್ದದ್ದನ್ನು ಸುಮ್ನೆ ಬಿಟ್ಟೆ. ಕಾಕಾ ಕನ್ನಡಕ ಏರಿಸಿ ನೋಡಿ, "ಬಿಳೀ ಗೋಪುರದ ಸುತ್ತ ಗುಲಾಬಿ ಉಳದೈತಲ್ಲೋ" ಅಂದರು. ನೇಕಾರರ ಜೊತೆ ಬೆಳೆದ ಕಣ್ಣು, ಅಲ್ವಾ!

ಆ ಗುಲಾಬಿಗೆ ಕಾರಣ ಜೆಪೆಗ್, ಫೋಟೋ ಫೈಲನ್ನು ಚಿಕ್ಕದು ಮಾಡಿ ಉಳಿಸುವ ವಿಧಾನ. ಬೆಳಕನ್ನು ಅದು ಪ್ರತಿ ಪಿಕ್ಸೆಲ್‌ಗೂ ಇಡುತ್ತದೆ. ಬಣ್ಣವನ್ನು ಮಾತ್ರ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದು ಅಂತ ಉಳಿಸುತ್ತದೆ. ಕೆಂಪು ಬಿಳಿ ಸೇರುವ ಕಡೆ ಬಣ್ಣ ಸ್ವಲ್ಪ ಸೋರುತ್ತದೆ. ಈಗ ಗಾಢತೆ 25ರಿಂದ 60ರ ನಡುವೆ ಇರುವ ಪಿಕ್ಸೆಲ್ ಸಿಕ್ಕರೆ ಅದರ ನಾಲ್ಕು ನೆರೆಹೊರೆ ನೋಡುತ್ತೇನೆ. ಒಂದಾದರೂ ಕೆಂಪಿದ್ದರೆ ಅದನ್ನೂ ತಿರುಗಿಸುತ್ತೇನೆ. ನೆರೆಹೊರೆಯನ್ನು ಮೂಲ ಫೋಟೋದಲ್ಲೇ ನೋಡಬೇಕು. ಬದಲಾಗುತ್ತಿರುವ ಪ್ರತಿಯಲ್ಲಿ ಎಡಗಡೆಯದು ಆಗಲೇ ಹಸಿರಾಗಿರುತ್ತದೆ. ಉಳಿಸುವುದು ಏನೂ ಕಳೆಯದ ಪಿಎನ್‌ಜಿ ಫೈಲ್‌ನಲ್ಲಿ, ಬಣ್ಣ ಮತ್ತೆ ಸೋರಬಾರದಲ್ಲ.

ಗುಲಾಬಿ ಅಂಚು ಬಹುತೇಕ ಹೋಯಿತು. ದಡಿಯ ಕೆಂಪು ಮಾತ್ರ ಸೆರಗಿನ ಜೊತೆ ಹಸಿರಾಗುತ್ತಿದೆ. ಅದಕ್ಕೆ ಸೆರಗಿನ ನಾಲ್ಕು ಮೂಲೆ ಕೈಯಿಂದ ಗುರುತು ಹಾಕಿ, ಅದರೊಳಗೆ ಮಾತ್ರ ಲೂಪ್ ಓಡಿಸುವ ಕೆಲಸ ನಡೆದಿದೆ. ಅದಾದ ಮೇಲೆ ಕಪ್ಪು ಚಂದ್ರಕಾಳಿ ಸೀರೆಯ ಸರದಿ. ಕಪ್ಪಿನಲ್ಲಿ ಬಣ್ಣದ ಅಂಕಿ ಎಷ್ಟು ತಿರುಗಿಸಿದರೂ ಕಪ್ಪೇ. ಅಲ್ಲಿ ಬೆಳಕನ್ನೇ ಎತ್ತಬೇಕು.