ರಜೆ ಪಾಸಾಯ್ತಾ?
ದಸರಾಕ್ಕೆ ಮುಂಬೈಗೆ ಹೋಗುವ ಅಂತ. ರೈಲ್ವೆ ಬುಕಿಂಗ್ ಓಪನ್ ಆಗುವುದು 60 ದಿನ ಮೊದಲು, 2024ರ ನವೆಂಬರ್‌ಗೆ ಮುಂಚೆ 120 ಇತ್ತು. ನಮ್ಮ ಮ್ಯಾನೇಜರದ್ದು ಮಾತ್ರ ಯಾವಾಗಲೂ ಒಂದೇ ಮಾತು: "ಹತ್ತಿರ ಬರಲಿ, ನೋಡುವ." ಇತ್ತ ಪೋರ್ಟಲ್‌ನಲ್ಲಿ ನನ್ನ ಅರ್ಜಿ ಹಳದಿ ಬಣ್ಣದಲ್ಲಿ 'ಪೆಂಡಿಂಗ್' ಅಂತ ಕೂತಿದೆ, ಅತ್ತ ಮತ್ಸ್ಯಗಂಧ ರೈಲಿನ ಸ್ಲೀಪರ್‌ನಲ್ಲಿ ವೇಟಿಂಗ್ ಲಿಸ್ಟ್ ಬೆಳೀತಾ ಉಂಟು. "ಮೊದಲು ಟಿಕೆಟ್ ಮಾಡಿ, ರಜೆ ಆಮೇಲೆ ಕೇಳಿ" ಅಂತಾಳೆ ಹೆಂಡತಿ. ನನಗೆ ಧೈರ್ಯ ಇಲ್ಲ. ಕೊನೆಗೆ ತತ್ಕಾಲ್ ಮಾಡುವ ಅಂದರೆ, ಕನ್ಫರ್ಮ್ ಆದದ್ದನ್ನು ಕ್ಯಾನ್ಸಲ್ ಮಾಡಿದರೆ ಬಿಡಿಗಾಸೂ ವಾಪಸ್ ಬರುವುದಿಲ್ಲ.

ಮ್ಯಾನೇಜರದ್ದೂ ಪೂರಾ ತಪ್ಪಲ್ಲ ಬಿಡಿ. ದಸರಾಕ್ಕೆ ಹುಲಿವೇಷ ಬಿಟ್ಟು ಮಂಗಳೂರಲ್ಲಿ ಆಫೀಸಿನಲ್ಲಿ ಕೂರುವವರು ಯಾರು ಮಾರ್ರೆ? ಅವರೂ ಮಂಗಳೂರು ದಸರಾ ನಡೆಯುವ ಕುದ್ರೋಳಿ ಕಡೆಯವರೇ. ನಾಳೆ ಊಟ ಆದ ಮೇಲೆ ಮೂಡ್ ನೋಡಿ ಕೇಳ್ತೇನೆ.