ಒಂದು ಚುಕ್ಕೆ ಗುರುತಿನ ಪ್ರಶ್ನೆ, ಒಂದು ಕೆರೆ

ನವೆಂಬರ್ ಅರ್ಧ ಕಳೆಯಿತೆಂದರೆ ನಮ್ಮ ಕಚೇರಿಯಲ್ಲಿ ಯಾರೂ ರಜೆ ಕೇಳಲು ಹೋಗುವುದಿಲ್ಲ. ಕೇಳಿದರೂ ಸಿಗುವುದಿಲ್ಲ. "ಅಧಿವೇಶನ ಇದೆಯಲ್ರೀ" ಅಂದುಬಿಟ್ಟರೆ ಮುಗಿಯಿತು, ತಂಗಿಯ ಮದುವೆಗೂ ಒಂದೇ ದಿನ. ಒಂದು ಅಧಿವೇಶನದಿಂದ ಇನ್ನೊಂದಕ್ಕೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು ಎಂದು ಸಂವಿಧಾನದ 174ನೇ ವಿಧಿ ಹೇಳುತ್ತದೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಸಬೇಕು ಎಂದು ನಮ್ಮ ರಾಜ್ಯವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ. ಆ ಅರವತ್ತು ಮುಟ್ಟುವುದು ಅಪರೂಪ. ಆದರೆ ಸದನ ಸೇರುವ ದಿನಗಳನ್ನಷ್ಟೇ ಎಣಿಸುವವರಿಗೆ, ಅದಕ್ಕೂ ಮೊದಲು ರಾಜ್ಯದ ಕಚೇರಿಗಳಲ್ಲಿ ಏನು ನಡೆಯುತ್ತದೆ ಎಂಬುದು ಕಾಣುವುದಿಲ್ಲ. ಸಂಪುಟ ದಿನಾಂಕ ಗೊತ್ತುಮಾಡಿ, ರಾಜ್ಯಪಾಲರು ಸದನ ಕರೆದ ಆದೇಶ ಹೊರಬಿದ್ದ ದಿನದಿಂದಲೇ ನಮ್ಮ ಅಧಿವೇಶನ ಶುರು.

ನಾನು ನೀರಾವರಿಗೆ ಸಂಬಂಧಪಟ್ಟ ಇಲಾಖೆಯೊಂದರ ತಾಂತ್ರಿಕ ಶಾಖೆಯಲ್ಲಿ ಸಹಾಯಕ ಎಂಜಿನಿಯರ್. ಶಾಸಕರು ಕೇಳುವ ಪ್ರಶ್ನೆಗಳನ್ನು ಕಚೇರಿಗಳಲ್ಲಿ ಯಾರೂ ಪ್ರಶ್ನೆ ಎನ್ನುವುದಿಲ್ಲ, ಎಲ್‌ಎಕ್ಯೂ ಎನ್ನುತ್ತಾರೆ. ಮೇಲ್ಮನೆಯಿಂದ ಬಂದದ್ದು ಎಲ್‌ಸಿಕ್ಯೂ. ಅವುಗಳಲ್ಲಿ ಎರಡು ಜಾತಿ. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಕೊಟ್ಟರೆ ಆಯಿತು. ಚುಕ್ಕೆ ಗುರುತಿನದ್ದಾದರೆ ಮಂತ್ರಿಗಳು ಸದನದಲ್ಲಿ ಎದ್ದು ನಿಲ್ಲಬೇಕು, ಕೇಳಿದವರು ಅದರ ಮೇಲೆ ಪೂರಕ ಪ್ರಶ್ನೆ ಹಾಕುತ್ತಾರೆ, ಬೇರೆ ಸದಸ್ಯರೂ ನಡುವೆ ಕೈ ಎತ್ತುತ್ತಾರೆ. ಮಂತ್ರಿಗಳಿಗೆ ಪೂರಕ ಮಾಹಿತಿ ಸಿದ್ಧಪಡಿಸಿಕೊಡುವವರು ನಮ್ಮಂಥವರು. ಒಂದು ಸಣ್ಣ ನಕ್ಷತ್ರ ಚಿಹ್ನೆಗೆ ಇಷ್ಟೊಂದು ಹೆದರಿಕೆ ಹುಟ್ಟಿಸುವ ಶಕ್ತಿ ಇದೆ ಎಂದು ಕೆಲಸಕ್ಕೆ ಸೇರುವ ಮೊದಲು ನನಗೆ ಗೊತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಆ ಪ್ರಶ್ನೆ ಬಂದದ್ದು ಸಂಜೆ, ಎಲ್ಲರೂ ಚೀಲ ಹೆಗಲಿಗೇರಿಸುವ ಹೊತ್ತಿಗೆ. ಉತ್ತರ ಕರ್ನಾಟಕದ ಒಂದು ತಾಲ್ಲೂಕು. (ಅ) ತಾಲ್ಲೂಕಿನಲ್ಲಿರುವ ಕೆರೆಗಳೆಷ್ಟು. (ಆ) ಅವುಗಳಲ್ಲಿ ಒತ್ತುವರಿ ಆಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ. (ಇ) ಬಂದಿದ್ದಲ್ಲಿ, ತೆರವುಗೊಳಿಸಲು ಕೈಗೊಂಡ ಕ್ರಮಗಳೇನು. (ಈ) ಮೂರು ವರ್ಷಗಳಲ್ಲಿ ಬಿಡುಗಡೆಯಾದ ಅನುದಾನವೆಷ್ಟು, ಕೆರೆವಾರು ವಿವರ ನೀಡುವುದು. ಕೊನೆಯ ಆ ಮೂರು ಪದಗಳಿವೆಯಲ್ಲ, ರಾತ್ರಿ ನಿದ್ದೆ ಕೆಡಿಸುವುದು ಅವೇ.

ಕೆರೆ ಎಂದರೆ ಊರಿನವರಿಗೆ ಕೆರೆ. ಸರ್ಕಾರಕ್ಕೆ ಹಾಗಲ್ಲ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು, 40 ಹೆಕ್ಟೇರಿನಿಂದ 2,000 ಹೆಕ್ಟೇರ್‌ವರೆಗೆ ಇದ್ದರೆ ಸಣ್ಣ ನೀರಾವರಿ. ಅದಕ್ಕಿಂತ ಕಡಿಮೆ ಇದ್ದರೆ ಪಂಚಾಯತ್ ರಾಜ್. ಪಟ್ಟಣದೊಳಗೆ ಬಿದ್ದರೆ ಪುರಸಭೆಯೂ ಬರುತ್ತದೆ. ಕೆರೆಯ ಅಂಗಳದ ಜಮೀನಿನ ದಾಖಲೆ ಕಂದಾಯದವರ ಹತ್ತಿರ. ತಾಲ್ಲೂಕಿನ ಎಂಜಿನಿಯರ್‌ಗೆ ಫೋನ್ ಹಚ್ಚಿ ಪಟ್ಟಿ ಓದಿಸಿಕೊಂಡೆ. ಪ್ರಶ್ನೆಯ ಜೊತೆ ಶಾಸಕರು ಉದಾಹರಣೆಗೆಂದು ಹೆಸರಿಸಿದ್ದ ಕೆರೆ ಮಾತ್ರ ಅದರಲ್ಲಿ ಇರಲಿಲ್ಲ.

"ಆ ಕೆರಿ ನಮ್ದಲ್ರೀ ಮೇಡಂ. ಜೆಡ್‌ಪಿದ್ದು."

ಜಿಲ್ಲಾ ಪಂಚಾಯಿತಿಯ ಎಂಜಿನಿಯರ್‌ಗೆ ಮಾಡಿದೆ. ಅವರೂ ಅಷ್ಟೇ ವಿನಯದಿಂದ, "ಇಲ್ರೀ ಮೇಡಂ, ಅದು ದೊಡ್ಡ ಕೆರಿ. ನಿಮ್ದ ಇರಬೇಕು ನೋಡ್ರಿ" ಅಂದರು.

ಎರಡೂ ಪಟ್ಟಿಯಲ್ಲಿ ಇಲ್ಲದ ಕೆರೆಗೆ ನೀರು ಬರುತ್ತಿತ್ತು, ಎಮ್ಮೆಗಳು ಇಳಿಯುತ್ತಿದ್ದವು, ಒಂದು ಬದಿಯಲ್ಲಿ ಯಾರೋ ಜೋಳ ಬಿತ್ತಿದ್ದರು. ತಾಲ್ಲೂಕಿನ ಆ ಎಂಜಿನಿಯರ್ ಹುಡುಗ ಮರುದಿನ ಬೆಳಿಗ್ಗೆ ಏರಿಯ ಮೇಲೆ ನಿಂತು ಫೋಟೊ ಕಳಿಸಿದ. ಫೋಟೊ ನೋಡಿದ ನಮ್ಮ ಸಾಹೇಬರು, "ಇದೆಯಲ್ಲಮ್ಮಾ ಕೆರೆ!" ಎಂದು ಉದ್ಗರಿಸಿದ್ದು ಇವತ್ತಿಗೂ ನಮ್ಮ ಶಾಖೆಯಲ್ಲಿ ಚಾಲ್ತಿಯಲ್ಲಿದೆ. ಕಳೆದುಹೋದ ಕಡತ ಸಿಕ್ಕಾಗಲೆಲ್ಲ ಯಾರಾದರೂ ಅದನ್ನು ಅಂದೇ ಅನ್ನುತ್ತಾರೆ.

ಉತ್ತರ ಬರೆಯುವುದಕ್ಕೆ ತನ್ನದೇ ಒಂದು ಭಾಷೆ ಇದೆ. "ಬಂದಿದೆ." "ಬಂದಿರುವುದಿಲ್ಲ." "ಅನುಬಂಧದಲ್ಲಿ ಒದಗಿಸಿದೆ." "ಅನುದಾನದ ಲಭ್ಯತೆಗನುಗುಣವಾಗಿ ಹಂತ ಹಂತವಾಗಿ." ಇವೆಲ್ಲದರ ರಾಜ "ಉದ್ಭವಿಸುವುದಿಲ್ಲ". (ಆ)ಕ್ಕೆ ಬಂದಿರುವುದಿಲ್ಲ ಎಂದುಬಿಟ್ಟರೆ (ಇ)ಗೆ ಉದ್ಭವಿಸುವುದಿಲ್ಲ, ಕೆಲಸ ಅರ್ಧಕ್ಕರ್ಧ ಕಡಿಮೆ. ಆ ಆಸೆ ನಮಗೂ ಇತ್ತು. ಆದರೆ ಸದನಕ್ಕೆ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿ ಆಗಬಹುದು, ಮತ್ತು ಕೇಳಿದವರು ಆ ಕೆರೆಯ ಊರಿನ ಹಾದಿಯಲ್ಲೇ ದಿನಾ ಓಡಾಡುವವರು. ಸಾಹೇಬರು ತುಸು ಯೋಚಿಸಿ, ಒಂದು ಸಾಲು ಹೇಳಿ ಬರೆಸಿದರು: "ಸದರಿ ಕೆರೆಯ ಮಾಲೀಕತ್ವ ಹಾಗೂ ಗಡಿ ಗುರುತಿಸಲು ಕಂದಾಯ ಇಲಾಖೆಯೊಂದಿಗೆ ಜಂಟಿ ಸರ್ವೆ ನಡೆಸಿ ಕ್ರಮ ಕೈಗೊಳ್ಳಲಾಗುವುದು." ಆಗ ಅದು ನನಗೆ ಜಾರಿಕೊಳ್ಳುವ ಸಾಲಿನಂತೆಯೇ ಕಂಡಿತ್ತು. ನುಡಿ ತಂತ್ರಾಂಶದಲ್ಲಿ ಟೈಪಾದದ್ದನ್ನು ಯೂನಿಕೋಡಿಗೆ ಬದಲಿಸುವಾಗ ಒತ್ತಕ್ಷರಗಳೆಲ್ಲ ಚೆದುರಿ, ಅವನ್ನು ಒಂದೊಂದಾಗಿ ಜೋಡಿಸಿ, ಅನುಬಂಧದ ಪುಟಗಳನ್ನು ಪಿನ್ ಮಾಡುವಾಗ ಬೆಳಗಿನ ಹಾಲಿನ ಗಾಡಿ ಬಂದಿತ್ತು.

ಬೆಳಗಾವಿಗೆ ಹೋಗಬೇಕೆಂದು ನನಗೂ ಹೇಳಿದರು. ಅನುಬಂಧ ಅರ್ಥವಾಗುವುದು ಅದನ್ನು ಮಾಡಿದವರಿಗೆ ಮಾತ್ರ ಎಂಬುದು ಕಾರಣ. ಡಿಸೆಂಬರಿನ ಬೆಳಗಾವಿಯಲ್ಲಿ ಆ ಎರಡು ವಾರ ಲಾಡ್ಜು ಸಿಗುವುದಿಲ್ಲ. ನಮ್ಮನ್ನು ಒಂದು ಹಾಸ್ಟೆಲಿನಲ್ಲಿ ಇಳಿಸಿದ್ದರು, ಬಿಸಿನೀರಿಗೆ ಪಾಳಿ. ಅಧಿವೇಶನ ಮೊದಲ ಸಲ ಬೆಳಗಾವಿಗೆ ಬಂದದ್ದು 2006ರಲ್ಲಿ, ಆಗ ನಡೆದದ್ದು ಕೆಎಲ್‌ಇ ಸಂಸ್ಥೆಯ ಆವರಣದಲ್ಲಿ. ಸುವರ್ಣ ವಿಧಾನಸೌಧ ಉದ್ಘಾಟನೆಯಾದದ್ದು 2012ರ ಅಕ್ಟೋಬರ್ 11ರಂದು, ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವರಿಂದ. ಹೆದ್ದಾರಿಯ ಪಕ್ಕ ದಿಬ್ಬದ ಮೇಲೆ ಬಿಳಿ ಕಟ್ಟಡ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಜೀಪು ತೆವಳುವಾಗ ಕೊಂಡಸಕೊಪ್ಪದ ಕಡೆ ಪ್ರತಿಭಟನೆಯ ಟೆಂಟುಗಳು ಕಂಡವು. ಅತಿಥಿ ಶಿಕ್ಷಕರು, ಅಂಗನವಾಡಿಯವರು, ರೈತರು, ಪ್ರತಿಯೊಂದು ಟೆಂಟಿಗೂ ಒಂದೊಂದು ಧ್ವನಿವರ್ಧಕ. ಉತ್ತರದ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆ ಸರ್ಕಾರ ಪೂರ್ತಿಯಾಗಿ ಕೈಗೆ ಸಿಗುವ ಜಾಗ ಇದೇ. ಅಷ್ಟು ಖರ್ಚು ಮಾಡಿ ಅಲ್ಲಿಗೇಕೆ ಹೋಗಬೇಕು ಎಂದು ಬೆಂಗಳೂರಿನಲ್ಲಿ ಕೂತು ಕೇಳುವವರು ಒಮ್ಮೆ ಆ ಟೆಂಟುಗಳ ಸಾಲಿನಲ್ಲಿ ನಡೆದು ಬರಬೇಕು.

ಪಾಸು ತೋರಿಸಿ, ಮೊಬೈಲ್ ಒಪ್ಪಿಸಿ, ಅಧಿಕಾರಿಗಳ ಗ್ಯಾಲರಿಯಲ್ಲಿ ಸಾಹೇಬರ ಹಿಂದೆ ಕೂತೆ. ಟಿವಿಯಲ್ಲಿ ನೋಡಿದ್ದ ಸದನಕ್ಕಿಂತ ನಿಜವಾದದ್ದು ಚಿಕ್ಕದು ಅನ್ನಿಸಿತು. 224 ಜನ ಕೂರುವ ಕುರ್ಚಿಗಳು, ಸಭಾಧ್ಯಕ್ಷರ ಬಲಕ್ಕೆ ಆಡಳಿತ ಪಕ್ಷ, ಎಡಕ್ಕೆ ವಿರೋಧ ಪಕ್ಷ. ಪೀಠದ ಮುಂದೆ ಕಾರ್ಯದರ್ಶಿಯವರ ಮೇಜು, ಅಲ್ಲೇ ವರದಿಗಾರರು. ಇವರು ಪತ್ರಿಕೆಯವರಲ್ಲ, ಸದನದಲ್ಲಿ ಆಡಿದ ಮಾತನ್ನೆಲ್ಲ ಶೀಘ್ರಲಿಪಿಯಲ್ಲಿ ಇಳಿಸಿಕೊಳ್ಳುವ ನೌಕರರು. ಕೆಲವೇ ನಿಮಿಷಕ್ಕೊಬ್ಬರಂತೆ ಸದ್ದಿಲ್ಲದೆ ಬಂದು ಕೂತು, ಬರೆದು, ಎದ್ದು ಹೋಗುತ್ತಿದ್ದರು. ಮೂರು ಜನ ಒಟ್ಟಿಗೆ ಕೂಗುವಾಗ ಇವರು ಏನು ಬರೆದುಕೊಳ್ಳುತ್ತಾರೆ ಎಂಬುದು ನನ್ನ ಕುತೂಹಲವಾಗಿತ್ತು. ಸಭಾಧ್ಯಕ್ಷರು "ಅದು ಕಡತಕ್ಕೆ ಹೋಗಬಾರದು" ಎಂದಾಗ ಪೆನ್ನು ಮಾತ್ರ ನಿಲ್ಲಲಿಲ್ಲ. ತೆಗೆಯುವುದು ಆಮೇಲಿನ ಕೆಲಸ ಇರಬೇಕು.

ಸಭಾಧ್ಯಕ್ಷರ ಕೆಲಸ ಕಷ್ಟದ್ದು. ಅವರೂ ಒಂದು ಪಕ್ಷದ ಚೀಟಿಯಲ್ಲೇ ಗೆದ್ದು ಬಂದವರು, ಸದಸ್ಯರೇ ಅವರನ್ನು ಆರಿಸಿ ಆ ಪೀಠಕ್ಕೆ ಏರಿಸಿದ್ದಾರೆ. ಏರಿದ ಮೇಲೆ ಮತ ಹಾಕುವಂತಿಲ್ಲ, ಎರಡೂ ಕಡೆ ಸಮ ಬಿದ್ದರೆ ಮಾತ್ರ ಅವರ ಮತ. ಅವತ್ತು ಪೀಠದಲ್ಲಿದ್ದವರು ಬೈಯುತ್ತಿದ್ದದ್ದು ಹೆಚ್ಚಾಗಿ ಹೆಸರು ಹಿಡಿದು, ಮನೆಯ ಹಿರಿಯರಂತೆ: "ನಿಮಗೆ ಅವಕಾಶ ಕೊಡ್ತೇನ್ರಿ, ಕೂತ್ಕೊಳ್ರಿ ಮೊದಲು." ಅವರು ಎದ್ದು ನಿಂತರೆ ಉಳಿದವರು ಕೂರಬೇಕು ಎಂಬುದು ನಿಯಮ. ಎರಡು ಸಲ ಎದ್ದರು. ಮೊದಲ ಸಲ ಎಲ್ಲರೂ ಕೂತರು.

ಪ್ರಶ್ನೋತ್ತರ ಕಲಾಪ ಶುರುವಾಯಿತು. ಕ್ರಮ ಸಂಖ್ಯೆ ಕೂಗಿದ ಕೂಡಲೇ ಮಂತ್ರಿಗಳು ಎದ್ದು "ಉತ್ತರ ಒದಗಿಸಲಾಗಿದೆ" ಎನ್ನುತ್ತಾರೆ, ಓದುವುದಿಲ್ಲ. ಉತ್ತರ ಮೊದಲೇ ಸದಸ್ಯರ ಕೈಯಲ್ಲಿರುತ್ತದೆ. ನಿಜವಾದ ಆಟ ಪೂರಕ ಪ್ರಶ್ನೆಯಲ್ಲಿ. ಮುಂದಿನ ಸಾಲಿನ ಒಬ್ಬ ಹಿರಿಯ ಅಧಿಕಾರಿ ಸಣ್ಣ ಚೀಟಿಯಲ್ಲಿ ಅಂಕಿ ಬರೆದು ಸಿಬ್ಬಂದಿಯ ಕೈಗೆ ಕೊಟ್ಟರು. ಅದು ಮಂತ್ರಿಗಳ ಕೈ ಮುಟ್ಟುವ ಹೊತ್ತಿಗೆ ಮಾತು ಬೇರೆ ಜಿಲ್ಲೆಗೆ ದಾಟಿತ್ತು. ನಾನು ಮಡಿಲಲ್ಲಿ ನಮ್ಮ ಅನುಬಂಧ ಬಿಚ್ಚಿಟ್ಟುಕೊಂಡು, ಆ ಕೆರೆಯ ಫೋಟೊ ಮೇಲೆ ಬರುವಂತೆ ಹಿಡಿದು ಕೂತಿದ್ದೆ.

ನಮ್ಮ ಸಂಖ್ಯೆಗೆ ಇನ್ನೆರಡು ಬಾಕಿ ಇತ್ತು. ಎಡಗಡೆಯಿಂದ ಒಬ್ಬರು ಯಾವುದೋ ಪತ್ರಿಕೆಯ ವರದಿ ಎತ್ತಿ ಹಿಡಿದು ಎದ್ದರು. ಉಳಿದ ಕಲಾಪ ಬದಿಗಿಟ್ಟು ತುರ್ತು ವಿಷಯ ಚರ್ಚಿಸುವ ನಿಲುವಳಿ ಸೂಚನೆಗೆ ಅವಕಾಶ ಬೇಕು ಎಂದರು. ನಿಯಮ 60ರಡಿ ಕೊಟ್ಟಿದ್ದೀರಿ, ಪ್ರಶ್ನೋತ್ತರ ಮುಗಿಯಲಿ, ನೋಡೋಣ ಎಂದರು ಸಭಾಧ್ಯಕ್ಷರು. ಈಗಲೇ ಬೇಕು ಎಂದರು ಅವರು. ಐದು ನಿಮಿಷದಲ್ಲಿ ಪೀಠದ ಮುಂದಿನ ಬಾವಿಯಲ್ಲಿ ಇಪ್ಪತ್ತು ಮೂವತ್ತು ಜನ, ಘೋಷಣೆ, ಬಲಗಡೆಯಿಂದ ಪ್ರತಿಘೋಷಣೆ. ಸಭಾಧ್ಯಕ್ಷರು ಎರಡನೆಯ ಸಲ ಎದ್ದದ್ದು ಆಗಲೇ. ಉಳಿದ ಉತ್ತರಗಳನ್ನು ಮಂಡಿಸಲಾಗಿದೆ ಎಂದು ಹೇಳಿ ಸದನವನ್ನು ಮುಂದೂಡಿ ಒಳಗೆ ನಡೆದರು. ಗ್ಯಾಲರಿಯಲ್ಲಿ ನಮ್ಮವರು ಕೆಲವರು ನಿಟ್ಟುಸಿರು ಬಿಟ್ಟದ್ದು ಸ್ಪಷ್ಟವಾಗಿ ಕೇಳಿಸಿತು, ಅದು ಬೇಸರದ್ದಲ್ಲ. ಗದ್ದಲದಿಂದ ಅಧಿಕಾರಿಗಳಿಗೆ ಆಗುವಷ್ಟು ಅನುಕೂಲ ಬೇರೆ ಯಾರಿಗೂ ಆಗುವುದಿಲ್ಲ. ಬಾವಿಗಿಳಿಯುವವರಿಗೆ ಇದು ಗೊತ್ತಿದೆಯೋ ಇಲ್ಲವೋ.

ನನಗೆ ಮಾತ್ರ ಸಿಟ್ಟು ಬಂದಿತ್ತು. ಅಷ್ಟು ಮಾಡಿದ ಅನುಬಂಧವನ್ನು ಯಾರೂ ಬಿಚ್ಚಿ ನೋಡಲಿಲ್ಲ.

ಮೊಗಸಾಲೆಯಲ್ಲಿ ಆ ಪ್ರಶ್ನೆ ಕೇಳಿದ್ದ ಶಾಸಕರು ಎದುರಾದರು. ಆಡಳಿತ ಪಕ್ಷದವರೇ. ಸಾಹೇಬರು ನಮಸ್ಕಾರ ಮಾಡಿ, ಚರ್ಚೆ ಆಗಲಿಲ್ಲವಲ್ಲ ಸರ್, ಎಂದು ಉಪಚಾರಕ್ಕೆ ಅಂದರು. ಅವರು ನಕ್ಕು ಕೈಯಲ್ಲಿದ್ದ ಉತ್ತರದ ಪ್ರತಿಯನ್ನು ಮಡಚಿ ಜೇಬಿಗಿಟ್ಟರು. "ಮಾತಾಡಿದ್ರ ಟಿವಿಯಾಗ ಬರತಿತ್ತು, ಅಷ್ಟ. ಸರ್ವೆ ಮಾಡಸ್ತೀವಿ ಅಂತ ಬರದ ಕೊಟ್ಟೀರಲ್ಲ, ಅದು ಸಾಕು ನನಗ. ಊರಾಗ ಇದನ್ನ ತೋರಸ್ತೀನಿ."

ಮಧ್ಯಾಹ್ನ ಮೇಲ್ಮನೆಯ ಕಡೆ ಓಡಬೇಕಾಯಿತು, ಅಲ್ಲಿಯೂ ನಮ್ಮ ಇಲಾಖೆಯ ಒಂದು ವಿಷಯ ಇತ್ತು. ಒಂದೇ ಕಟ್ಟಡದಲ್ಲಿ ಎರಡು ಸದನ, ಇಬ್ಬರಿಗೂ ಬೇಕಾದ ಮಂತ್ರಿಗಳು ಒಬ್ಬರೇ. ವಿಧಾನ ಪರಿಷತ್ತಿನಲ್ಲಿ 75 ಜನ: ಶಾಸಕರು ಆರಿಸಿದವರು 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮನಿರ್ದೇಶನಗೊಂಡವರು 11. ಅಲ್ಲಿನ ಸಭಾಪತಿಯವರ ಸದನ ಕೆಳಮನೆಗಿಂತ ತಣ್ಣಗಿತ್ತು. ಶಿಕ್ಷಕರ ಕ್ಷೇತ್ರದಿಂದ ಬಂದವರು ಮಾತಾಡುವಾಗ ಪಾಠದ ಧಾಟಿ ಬಿಡುವುದಿಲ್ಲ ಎಂಬುದು ನನ್ನ ಖಾಸಗಿ ಸಂಶೋಧನೆ.

ಹಿಂದಿರುಗಿ ಬಂದಾಗ ವಿಧಾನಸಭೆಯಲ್ಲಿ ವಿಧೇಯಕಗಳು ಸಾಗುತ್ತಿದ್ದವು. ಊಟದ ನಂತರದ ಹೊತ್ತು, ಕುರ್ಚಿಗಳು ಬಹಳಷ್ಟು ಖಾಲಿ. ಹತ್ತನೇ ಒಂದು ಭಾಗ, ಅಂದರೆ 23 ಜನರಿದ್ದರೆ ಸದನ ನಡೆಸಲು ಬೇಕಾದ ಕೋರಂ. ಅದಕ್ಕೂ ಒಮ್ಮೆ ಗಂಟೆ ಬಾರಿಸಬೇಕಾಯಿತು, ಮೊಗಸಾಲೆಯಿಂದ ಕೆಲವರು ಕೈ ಒರೆಸಿಕೊಳ್ಳುತ್ತ ಬಂದರು. ಖಂಡ ಎರಡು, ಖಂಡ ಮೂರು ವಿಧೇಯಕದ ಭಾಗವಾಗಿರತಕ್ಕದ್ದು, ಒಪ್ಪುವವರು ಹೌದು ಎನ್ನಿ, ಹೌದು ಎನ್ನುವವರು ಹೆಚ್ಚು, ಅಂಗೀಕಾರ. ಒಂದು ಕಾನೂನು ಆಗಲು ನಮ್ಮ ಅನುಬಂಧದ ಎರಡು ಪುಟ ತಿರುವುವಷ್ಟೂ ಹೊತ್ತು ಹಿಡಿಯಲಿಲ್ಲ. ಬೆಳಗಿನ ಗದ್ದಲಕ್ಕಿಂತ ನನ್ನನ್ನು ಹೆಚ್ಚು ಕಂಗೆಡಿಸಿದ್ದು ಈ ನಿಶ್ಶಬ್ದ. ಪತ್ರಿಕೆಯವರ ಗ್ಯಾಲರಿಯಲ್ಲೂ ಅಷ್ಟು ಹೊತ್ತಿಗೆ ಹೆಚ್ಚು ಜನರಿರಲಿಲ್ಲ.

ಕುಂದಾ ಕಟ್ಟಿಸಿಕೊಂಡು ಬೆಂಗಳೂರಿಗೆ ಬಂದೆವು, ಕಡತ ಕಟ್ಟಿ ಕಪಾಟಿಗೆ ಸೇರಿಸಿದೆ. ಬೇಸಿಗೆಯಲ್ಲಿ ಒಂದು ಪತ್ರ ಬಂತು, ಸರ್ಕಾರಿ ಭರವಸೆಗಳ ಸಮಿತಿಯಿಂದ. ಸದನದಲ್ಲಿ ಮಂತ್ರಿಗಳು "ಮಾಡಲಾಗುವುದು" ಎಂದದ್ದನ್ನೆಲ್ಲ ಹೆಕ್ಕಿ, ಮಾಡಿದಿರಾ ಎಂದು ಬೆನ್ನುಹತ್ತುವುದಕ್ಕೆಂದೇ ಇರುವ ಶಾಸಕರ ಸಮಿತಿ ಅದು. ಗದ್ದಲದಲ್ಲಿ ಮಂಡನೆಯಾಗಿ ಹೋದ ಉತ್ತರವೂ ಉತ್ತರವೇ. ನಮ್ಮ ಸಾಹೇಬರು ಹೇಳಿ ಬರೆಸಿದ್ದ ಸಾಲು ಉದ್ಧರಣ ಚಿಹ್ನೆಯೊಳಗೆ ಕೂತು ವಾಪಸು ಬಂದಿತ್ತು: ಜಂಟಿ ಸರ್ವೆ ಎಲ್ಲಿಗೆ ಬಂದಿದೆ, ವರದಿ ಸಲ್ಲಿಸುವುದು.

ಸರ್ವೆ ಎಲ್ಲಿಗೂ ಬಂದಿರಲಿಲ್ಲ. ಆ ಪತ್ರದ ನಂತರ ಬಂತು. ಭೂಮಾಪಕರು, ಜೆಡ್‌ಪಿಯವರು, ನಮ್ಮ ತಾಲ್ಲೂಕಿನ ಹುಡುಗ ಎಲ್ಲರೂ ಒಂದೇ ದಿನ ಏರಿಯ ಮೇಲೆ ಸೇರಿದರು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಎಂದು ಲೆಕ್ಕ ಸಿಕ್ಕಿತು. ಕೆರೆ ಪಂಚಾಯತ್ ರಾಜ್ ಪಟ್ಟಿಗೆ ಸೇರಿತು, ಗಡಿಗೆ ಕಲ್ಲು ನೆಟ್ಟರು, ಜೋಳ ಬಿತ್ತಿದವರಿಗೆ ನೋಟಿಸು ಹೋಯಿತು. "ನಾ ಅವತ್ತ ಹೇಳಿದ್ನಲ್ರೀ ಮೇಡಂ, ಜೆಡ್‌ಪಿದ್ದು ಅಂತ" ಎಂದು ತಾಲ್ಲೂಕಿನ ಹುಡುಗ ಫೋನಿನಲ್ಲಿ ನಗುತ್ತಿದ್ದ.

ಮುಂದಿನ ಅಧಿವೇಶನಕ್ಕೆ ಒಂದು ಎಲ್‌ಸಿಕ್ಯೂ ಬಂತು. ಸ್ಥಳೀಯ ಸಂಸ್ಥೆಗಳಿಂದ ಆರಿಸಿ ಬಂದ ಸದಸ್ಯರೊಬ್ಬರು ಅದೇ ತಾಲ್ಲೂಕು, ಅದೇ ಕೆರೆಯ ಬಗ್ಗೆ ಕೇಳಿದ್ದರು: ಗಡಿಕಲ್ಲು ನೆಟ್ಟ ಮೇಲೆ ಹೂಳು ತೆಗೆಯುವುದು ಯಾವಾಗ? ಸಾಹೇಬರು ಅದರ ಮೇಲೆ ಹಸಿರು ಶಾಯಿಯಲ್ಲಿ "ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿ" ಎಂದು ಬರೆದರು. ಸರ್ವೆ ನಕ್ಷೆಯ ಪ್ರತಿಯನ್ನು ನಾನು ಜೊತೆಗೆ ಲಗತ್ತಿಸಿ, ಸಂಜೆಯೊಳಗೆ ಕಳಿಸಿದೆ.